ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಕ್ಯಾಲ್ಸಿಯಂ ಹಿಡಿದ ಪ್ರೋಟೀನು ಮೈ ಬದಲಿಸಿದ್ದು ಬೆಳಕಿಗೆ ಹೇಗೆ ತಿಳಿಯುತ್ತದೆ?

ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿದೊಡನೆ ಆಕಾರ ಬದಲಿಸುತ್ತದೆ, ಆ ಬದಲಾವಣೆಯನ್ನು ಬೆಳಕಿನಿಂದ ಕೆಲಸ ಮಾಡುವ ಬಯೋಸೆನ್ಸರ್‌ಗಳು ಪತ್ತೆ ಹಚ್ಚುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೆ. ಹಾಗೆ ಹೋದದ್ದು ಸರಿಯಲ್ಲವೆಂದು ಮೈಸೂರು, ಮಂಡ್ಯಗಳ ಓದುಗರು ಪತ್ರ ಬರೆದು ತಿಳಿಸಿದ್ದಾರೆ. ಈ ಸಲದ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕೊಳವೆಬಾವಿ ನೀರಿನ ಗಡಸುತನವನ್ನು ಇಡಿಟಿಎ ಟೈಟ್ರೇಷನ್‌ನಿಂದ ಅಳೆಯುವ ಪ್ರಯೋಗವನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಂದ ಮಾಡಿಸುತ್ತೇನೆ. ಅಲ್ಲಿ ಬಣ್ಣ ಕೆಂಪಿನಿಂದ ನೀಲಿಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಪ್ರೋಟೀನಿನ ಎದುರಿಗೆ ಕ್ಯಾಲ್ಸಿಯಂ ಅಯಾನಿನ ತೂಕ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಅದು ಬಂದು ಕೂತದ್ದನ್ನು, ಅದರಿಂದ ಪ್ರೋಟೀನಿನ ಆಕಾರ ಬದಲಾದದ್ದನ್ನು ಯಂತ್ರ ಹೇಗೆ ನೋಡುತ್ತದೆ?
— ರಸಾಯನಶಾಸ್ತ್ರ ಉಪನ್ಯಾಸಕಿ, ಮಂಡ್ಯ

ಉತ್ತರ: ತಾವು ಎತ್ತಿದ ಅನುಮಾನ ಈ ವಿಷಯದ ಮರ್ಮಸ್ಥಾನವನ್ನೇ ಮುಟ್ಟುತ್ತದೆ. ಆದ್ದರಿಂದ ಮೊದಲು ತೂಕದ ಲೆಕ್ಕವನ್ನೇ ಮಾಡೋಣ. ಕ್ಯಾಲ್ಮೊಡ್ಯುಲಿನ್ 148 ಅಮೈನೋ ಆಮ್ಲಗಳ ಒಂದು ಸಣ್ಣ ಪ್ರೋಟೀನು. ಅದರ ಅಣುತೂಕ ಸುಮಾರು 16,700. ಅದು ಹಿಡಿಯುವ ಕ್ಯಾಲ್ಸಿಯಂ ಅಯಾನುಗಳು ನಾಲ್ಕು. ತಲಾ 40ರಂತೆ ಅವುಗಳ ಒಟ್ಟು ತೂಕ 160. ಅಂದರೆ ಹೊಟ್ಟೆ ತುಂಬ ಕ್ಯಾಲ್ಸಿಯಂ ಹಿಡಿದ ಮೇಲೂ ಪ್ರೋಟೀನಿನ ತೂಕ ಶೇಕಡ 1ರಷ್ಟು ಮಾತ್ರ ಏರುತ್ತದೆ. ಆದರೆ ಆಕಾರದಲ್ಲಿ ಆಗುವ ಬದಲಾವಣೆ ಇಷ್ಟು ಜುಜುಬಿಯಲ್ಲ. ಕ್ಯಾಲ್ಸಿಯಂ ಇಲ್ಲದಾಗ ಅದರ ಎರಡೂ ತುದಿಯ ಗುಂಡುಗಳು ಮುಚ್ಚಿಕೊಂಡಿರುತ್ತವೆ. ಕ್ಯಾಲ್ಸಿಯಂ ಕೂತಾಗ ಅವು ಬಾಯಿ ತೆರೆದು, ಒಳಗೆ ಅಡಗಿದ್ದ, ನೀರನ್ನು ಒಲ್ಲದ ಜಿಡ್ಡಿನಂಥ ಭಾಗಗಳನ್ನು ಹೊರಗೆ ತೋರಿಸುತ್ತವೆ. 1985ರಲ್ಲಿ ಪ್ರಕಟವಾದ ಸ್ಫಟಿಕ ರಚನೆಯಲ್ಲಿ ಕ್ಯಾಲ್ಸಿಯಂ ತುಂಬಿದ ಈ ಅಣು, ವ್ಯಾಯಾಮಶಾಲೆಯ ಡಂಬೆಲ್‌ನಂತೆ, ಸುಮಾರು 6.5 ನ್ಯಾನೋಮೀಟರ್ ಉದ್ದಕ್ಕೆ ಚಾಚಿಕೊಂಡು ಕಂಡಿತು. ಮುಂದೆ ಅದು ಬೇರೊಂದು ಪ್ರೋಟೀನಿನ ತುಣುಕನ್ನು ಹಿಡಿಯಬೇಕಾದಾಗ ನಡುವಿನ ದಂಡ ಬಾಗಿ, ಎರಡು ಗುಂಡುಗಳೂ ಆ ತುಣುಕನ್ನು ಅಂಗೈಗಳ ನಡುವೆ ಅಮುಕಿದಂತೆ ತಬ್ಬಿಕೊಳ್ಳುತ್ತವೆ.

ಇನ್ನು ಯಂತ್ರದ ಮಾತು. ಈ ಕೆಲಸದಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್, ಚಿಕ್ಕದಾಗಿ ಎಸ್‌ಪಿಆರ್ ಎಂಬ ವಿಧಾನ. ಮಂಡ್ಯದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಕಬ್ಬು ಮಾಗಿದೆಯೇ ಎಂದು ನೋಡಲು ಒಂದು ತೊಟ್ಟು ಕಬ್ಬಿನ ಹಾಲನ್ನು ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಹಾಕಿ, ಬೆಳಕಿಗೆ ಹಿಡಿದು ಓದುವುದನ್ನು ತಾವು ನೋಡಿರುತ್ತೀರಿ. ಆ ಉಪಕರಣಕ್ಕೆ ಸಕ್ಕರೆಯ ರುಚಿ ಗೊತ್ತಿಲ್ಲ. ಅದು ಅಳೆಯುವುದು ದ್ರವದ ವಕ್ರೀಭವನ ಸೂಚ್ಯಂಕವನ್ನು, ಅಂದರೆ ದ್ರವ ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದನ್ನು. ಬರಿಯ ನೀರಿನದು 1.333, 20 ಬ್ರಿಕ್ಸ್, ಅಂದರೆ ಶೇಕಡ 20ರಷ್ಟು ಸಕ್ಕರೆಯ ಕಬ್ಬಿನ ಹಾಲಿನದು ಸುಮಾರು 1.364. ಎಸ್‌ಪಿಆರ್ ಯಂತ್ರ ಇದರ ಮೊಮ್ಮಗ ಎನ್ನಬಹುದು. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ (ಇದನ್ನು ಚಿಪ್ ಎನ್ನುತ್ತಾರೆ), ಅದರ ಮೇಲ್ಮೈಗೆ ಅಂಟಿಸಿದ ಪ್ರೋಟೀನು, ಪ್ರೋಟೀನಿನ ಮೇಲೆ ಹರಿಯುವ ದ್ರಾವಣ. ಬೆಳಕು ಬರುವುದು ಕೆಳಗಿನಿಂದ, ಗಾಜಿನ ಕಡೆಯಿಂದ. ಒಂದು ನಿರ್ದಿಷ್ಟ ಕೋನದಲ್ಲಿ ಬೆಳಕಿನ ಶಕ್ತಿಯನ್ನು ಚಿನ್ನದ ಎಲೆಕ್ಟ್ರಾನುಗಳು ಹೀರಿಕೊಳ್ಳುವುದರಿಂದ ಪ್ರತಿಫಲಿತ ಬೆಳಕು ಮಂಕಾಗುತ್ತದೆ, ಮತ್ತು ಚಿನ್ನದ ಆಚೆ ಬದಿಯ ಕೆಲವು ನೂರು ನ್ಯಾನೋಮೀಟರ್‌ಗಳೊಳಗಿನ ವಕ್ರೀಭವನ ಸೂಚ್ಯಂಕ ಕಿಂಚಿತ್ ಬದಲಾದರೂ ಆ ಕೋನ ಸರಿಯುತ್ತದೆ. ಸೂಚ್ಯಂಕದಲ್ಲಿ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನು ಸ್ಥೂಲವಾಗಿ ಒಂದು ರೆಸ್ಪಾನ್ಸ್ ಯೂನಿಟ್ ಎಂದು ಎಣಿಸುತ್ತಾರೆ. ಕಬ್ಬಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಬ್ರಿಕ್ಸ್‌ನ ಸುಮಾರು ಸಾವಿರದೈನೂರನೆಯ ಒಂದು ಪಾಲು.

ಈಗ ತಮ್ಮ ಲೆಕ್ಕಕ್ಕೆ ಮರಳೋಣ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಒಂದು ನ್ಯಾನೋಗ್ರಾಂ ಪ್ರೋಟೀನು ಕೂತರೆ 1000 ಯೂನಿಟ್‌ಗಳಷ್ಟು ಸಂಕೇತ ಬರುತ್ತದೆ. ಅಷ್ಟು ಕ್ಯಾಲ್ಮೊಡ್ಯುಲಿನ್ ಅಂಟಿಸಿ ಅದರ ಮೇಲೆ ಕ್ಯಾಲ್ಸಿಯಂ ಹರಿಸಿದರೆ, ತೂಕದ ಲೆಕ್ಕದಂತೆ ಬರಬೇಕಾದ ಏರಿಕೆ 10 ಯೂನಿಟ್‌ಗಿಂತ ತುಸು ಕಡಿಮೆ. ಪ್ರಯೋಗ ಮಾಡಿದವರಿಗೆ ಸಿಗುವ ಅಂಕಿ ಇದಕ್ಕೆ ಒಪ್ಪುವುದಿಲ್ಲ: ಒಮ್ಮೊಮ್ಮೆ ಅದಕ್ಕಿಂತ ಬಹಳ ಹೆಚ್ಚು, ಒಮ್ಮೊಮ್ಮೆ ತೂಕ ಕೂಡಿದ್ದರೂ ಸಂಕೇತ ಕೆಳಕ್ಕೆ ಇಳಿದಿರುತ್ತದೆ. ಆಕಾರದ ಸುಳಿವು ಇರುವುದು ಈ ಹೊಂದಿಕೆಯಾಗದ ಪಾಲಿನಲ್ಲಿಯೇ. ಪ್ರೋಟೀನು ಅಗಲಿಸಿದಾಗ ಅಥವಾ ಮುದುಡಿದಾಗ ಅದರ ಸಾಂದ್ರತೆ, ಅದಕ್ಕೆ ಅಂಟಿಕೊಂಡ ನೀರಿನ ಪೊರೆ, ಚಿನ್ನದಿಂದ ಅದರ ಭಾಗಗಳಿಗೆ ಇರುವ ದೂರ, ಎಲ್ಲವೂ ಬದಲಾಗುತ್ತವೆ, ಮತ್ತು ಇವೆಲ್ಲವೂ ವಕ್ರೀಭವನ ಸೂಚ್ಯಂಕದಲ್ಲಿ ಲೀನವಾಗಿ ಒಂದೇ ಅಂಕಿಯಾಗಿ ಹೊರಬರುತ್ತವೆ. ಆದ್ದರಿಂದ ಯಂತ್ರ ಆಕಾರವನ್ನು ನೋಡುತ್ತದೆ ಎಂದು ಕಳೆದ ಸಲ ನಾನು ಬರೆದದ್ದು ತೀರ ಸಡಿಲವಾದ ಮಾತಾಯಿತು. ಅದು ಆಕಾರವನ್ನು ನೋಡುವುದಿಲ್ಲ. ತೂಕದಿಂದ ವಿವರಿಸಲಾಗದ ಒಂದು ಶೇಷವನ್ನು ನಮ್ಮ ಮುಂದೆ ಇಡುತ್ತದೆ. ಆ ಶೇಷಕ್ಕೆ ಆಕಾರವೇ ಕಾರಣವೆಂದು ತೋರಿಸಿಕೊಡುವ ಹೊಣೆ ಪ್ರಯೋಗ ಮಾಡುವವರದು.

ಪ್ರಶ್ನೆ: ನಮ್ಮ ಪ್ರಾಜೆಕ್ಟ್‌ನಲ್ಲಿ ಪ್ರೋಟೀನು ಅಂಟಿಸದ ಖಾಲಿ ಚಿಪ್‌ನ ಮೇಲೆ ಕ್ಯಾಲ್ಸಿಯಂ ಹರಿಸಿದಾಗಲೂ ಸಂಕೇತ ಬರುತ್ತಿದೆ. ಹಾಗಿದ್ದರೆ ಪ್ರೋಟೀನಿನ ಆಕಾರ ಬದಲಾಯಿತು ಎಂದು ಯಾವ ಧೈರ್ಯದಿಂದ ಬರೆಯುವುದು?
— ಎಂ.ಎಸ್ಸಿ. ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಖಾಲಿ ಚಿಪ್‌ನ ಮೇಲೆ ಕ್ಯಾಲ್ಸಿಯಂ ಹರಿಸಿ ನೋಡಬೇಕೆಂಬ ಬುದ್ಧಿ ನಿಮಗೆ ಹೊಳೆದದ್ದೇ ಅರ್ಧ ಕೆಲಸ ಆದಂತೆ. ಸಾಮಾನ್ಯ ಚಿಪ್‌ಗಳಲ್ಲಿ ಚಿನ್ನದ ಮೇಲೆ ಸುಮಾರು 100 ನ್ಯಾನೋಮೀಟರ್ ಎತ್ತರಕ್ಕೆ ಡೆಕ್ಸ್‌ಟ್ರಾನ್ ಎಂಬ ಶರ್ಕರಪಿಷ್ಟದ ಎಳೆಗಳು ಪಾಚಿಯಂತೆ ಬೆಳೆದಿರುತ್ತವೆ, ಮತ್ತು ಆ ಎಳೆಗಳ ತುಂಬ ಋಣ ಆವೇಶದ ಕಾರ್ಬಾಕ್ಸಿಲ್ ಗುಂಪುಗಳಿರುತ್ತವೆ. ಒಂದನ್ನೊಂದು ದೂರ ತಳ್ಳುತ್ತಿದ್ದ ಆ ಆವೇಶಗಳನ್ನು ಎರಡು ಧನ ಆವೇಶದ ಕ್ಯಾಲ್ಸಿಯಂ ಬಂದು ಸಮಾಧಾನಪಡಿಸಿದರೆ ಡೆಕ್ಸ್‌ಟ್ರಾನ್ ಪೊದೆ ಕುಗ್ಗುತ್ತದೆ, ಸಂಕೇತ ಸರಿಯುತ್ತದೆ. ಅಲ್ಲಿ ಆಕಾರ ಬದಲಾದದ್ದು ನಿಜ, ಆದರೆ ಬದಲಾದದ್ದು ಚಿಪ್‌ನ ಆಕಾರ, ಪ್ರೋಟೀನಿನದಲ್ಲ. ಎಸ್‌ಪಿಆರ್‌ನಿಂದ ಆಕಾರ ಬದಲಾವಣೆಯನ್ನು ಅಳೆದೆವೆಂಬ ವರದಿಗಳನ್ನು ಹಲವರು ಅನುಮಾನದಿಂದ ಕಂಡದ್ದು ಇದೇ ಕಾರಣಕ್ಕೆ, ಮತ್ತು ಆ ಅನುಮಾನ ನ್ಯಾಯವಾದದ್ದೇ ಎಂದು ನನ್ನ ಎಣಿಕೆ.

ಪ್ರೋಟೀನು ಅಂಟಿಸದ ಹರಿವಿನ ಕಾಲುವೆಯ, ಅಂದರೆ ಖಾಲಿ ಚಾನೆಲ್‌ನ ಸಂಕೇತವನ್ನು ಕಳೆಯುವುದು ಮೊದಲ ಹೆಜ್ಜೆ, ಆದರೆ ಅಷ್ಟೇ ಸಾಲದು. ಪ್ರೋಟೀನು ಅಂಟಿದ ಡೆಕ್ಸ್‌ಟ್ರಾನ್ ಖಾಲಿ ಡೆಕ್ಸ್‌ಟ್ರಾನ್‌ನಂತೆಯೇ ಕುಗ್ಗಬೇಕೆಂಬ ನಿಯಮವಿಲ್ಲ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ, ಕ್ಯಾಲ್ಸಿಯಂ ಹಿಡಿಯಲಾರದಂತೆ ತಿದ್ದಿದ ಅದೇ ಪ್ರೋಟೀನು. ಕ್ಯಾಲ್ಮೊಡ್ಯುಲಿನ್‌ನ ನಾಲ್ಕೂ ಕ್ಯಾಲ್ಸಿಯಂ ಕುಣಿಕೆಗಳ ಮೊದಲ ಸ್ಥಾನದಲ್ಲಿರುವ ಆಸ್ಪಾರ್ಟಿಕ್ ಆಮ್ಲವನ್ನು ಅಲನೀನ್ ಆಗಿ ಬದಲಿಸಿದರೆ ಅದು ಕ್ಯಾಲ್ಸಿಯಂ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ತೂಕ, ಅಂಟಿಸಿದ ರೀತಿ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತವೆ. ಪಕ್ಕದ ಚಾನೆಲ್‌ನಲ್ಲಿ ಅದನ್ನು ಅಷ್ಟೇ ಪ್ರಮಾಣದಲ್ಲಿ ಅಂಟಿಸಿ, ಎರಡರ ಮೇಲೂ ಒಂದೇ ದ್ರಾವಣ ಹರಿಸಿ ನೋಡಿ. ಜೊತೆಗೆ ಅದೇ ಸಾರತೆಯ ಮೆಗ್ನೀಸಿಯಂ ಅನ್ನು ಹರಿಸಿ. ಆವೇಶ ಎರಡಕ್ಕೂ ಒಂದೇ, ಆದರೆ ಕ್ಯಾಲ್ಮೊಡ್ಯುಲಿನ್ ಬಾಯಿ ತೆರೆಯುವುದು ಕ್ಯಾಲ್ಸಿಯಂಗೆ. ಕೊನೆಗೆ, ಲೋಹದ ಅಯಾನುಗಳನ್ನು ಕಚ್ಚಿ ಹಿಡಿಯುವ ಇಡಿಟಿಎಯ ಬಂಧು ಇಜಿಟಿಎ ಹರಿಸಿದಾಗ ಸಂಕೇತ ತಾನು ಹೊರಟ ಜಾಗಕ್ಕೇ ಮರಳಬೇಕು. ಇಡಿಟಿಎ ಬದಲು ಇಜಿಟಿಎ ಏಕೆಂದರೆ, ಅದು ಮೆಗ್ನೀಸಿಯಂ ಅನ್ನು ಬಹುಮಟ್ಟಿಗೆ ತನ್ನ ಪಾಡಿಗೆ ಬಿಟ್ಟು ಕ್ಯಾಲ್ಸಿಯಂ ಅನ್ನು ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಳ್ಳುವಾಗ ಪ್ರೋಟಾನುಗಳನ್ನು ಬಿಡುವುದರಿಂದ ಬಫರ್ ದುರ್ಬಲವಾಗಿದ್ದರೆ ಪಿಎಚ್ ಇಳಿದು ಇನ್ನೊಂದು ಸುಳ್ಳು ಸಂಕೇತ ಬರುತ್ತದೆಂಬುದೂ ಮನಸ್ಸಿನಲ್ಲಿರಲಿ. ಉಷ್ಣತೆಯೂ ಅಷ್ಟೇ: ಒಂದು ಡಿಗ್ರಿ ಏರಿದರೆ ನೀರಿನ ಸೂಚ್ಯಂಕ ಸುಮಾರು ಹತ್ತು ಸಾವಿರದಲ್ಲಿ ಒಂದು ಭಾಗ ಇಳಿಯುವುದರಿಂದ, ಡಿಗ್ರಿಯ ನೂರನೆಯ ಒಂದಂಶವೇ ಒಂದು ಯೂನಿಟ್ ಆಗಿಬಿಡುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಾನೇ ಎಡವಿದ್ದೇನೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ 200 ಮಿಲಿಗ್ರಾಂ. ಅದೆಲ್ಲವೂ ಕ್ಯಾಲ್ಸಿಯಂನಿಂದಲೇ ಬಂದದ್ದಾದರೆ ಸಾರತೆ 2 ಮಿಲಿಮೋಲಾರ್. ಅಂಥ ನೀರಿನ ಒಂದೇ ಎಂ.ಎಲ್. ನಿಮ್ಮ ಒಂದು ಲೀಟರ್ ಬಫರಿಗೆ ಸೇರಿದರೆ ಕ್ಯಾಲ್ಸಿಯಂ 2 ಮೈಕ್ರೋಮೋಲಾರ್ ಆಗುತ್ತದೆ, ಮತ್ತು ಕ್ಯಾಲ್ಮೊಡ್ಯುಲಿನ್ ಎಚ್ಚರಗೊಳ್ಳುವುದು ಆ ಆಸುಪಾಸಿನಲ್ಲಿಯೇ. ನಮ್ಮ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ಮೀರಿದ್ದು. ನಾನು ಹಿಂದೆ ಕೆಲಸ ಕಲಿಯುತ್ತಿದ್ದ ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಇಲ್ಲದ ಬಫರ್ ಎಂದು ಬರೆದಿಟ್ಟಿದ್ದ ಗಾಜಿನ ಬಾಟಲಿಯಿಂದ ಎರಡು ವಾರ ಪ್ರಯೋಗ ನಡೆಸಿ, ಕ್ಯಾಲ್ಸಿಯಂ ಸೇರಿಸಿದರೂ ಸೇರಿಸದಿದ್ದರೂ ರೇಖೆ ಅಲುಗುವುದಿಲ್ಲವೆಂದು ತಲೆ ಕೆಡಿಸಿಕೊಂಡಿದ್ದೆ. ಆ ಬಾಟಲಿಯನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೆಯೇ ಒಣಗಿಸಿದ್ದು ನಾನೇ. ಪ್ರೋಟೀನು ಮೊದಲೇ ತನ್ನ ಪಾಲಿನ ಕ್ಯಾಲ್ಸಿಯಂ ಹಿಡಿದು ಕೂತಿತ್ತು. ಪ್ಲಾಸ್ಟಿಕ್ ಬಾಟಲಿ ಬಳಸಿ, ಬಫರನ್ನು ಕ್ಯಾಲ್ಸಿಯಂ ಹೀರುವ ರಾಳದ ಮೂಲಕ ಹಾಯಿಸಿ.

ಇಷ್ಟಾದ ಮೇಲೂ ಎಸ್‌ಪಿಆರ್ ಒಂದನ್ನೇ ನೆಚ್ಚಬೇಡಿ. ಎರಡು ಬಗೆಯ ಧ್ರುವೀಕರಣದ ಬೆಳಕನ್ನು ಒಂದೇ ಪದರದ ಮೇಲೆ ಹಾಯಿಸಿ, ಪದರದ ದಪ್ಪವನ್ನೂ ಸಾಂದ್ರತೆಯನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುವ ಇಂಟರ್‌ಫೆರೊಮೀಟರ್‌ಗಳಿವೆ. ಎಸ್‌ಪಿಆರ್ ಒಂದೇ ಅಂಕಿಯಲ್ಲಿ ಬೆರೆಸಿ ಕೊಡುವುದನ್ನು ಅವು ಬಿಡಿಸಿ ಕೊಡುತ್ತವೆ. ಅವು ಕೈಗೆಟುಕದಿದ್ದರೆ, ದ್ರಾವಣದಲ್ಲಿಯೇ ಎಎನ್‌ಎಸ್ ಎಂಬ ಬಣ್ಣವನ್ನು ಬೆರೆಸಿ ನೋಡಿ: ನೀರಿನಲ್ಲಿ ಮಂಕಾಗಿರುವ ಅದು, ಪ್ರೋಟೀನು ಬಾಯಿ ತೆರೆದು ತೋರಿಸಿದ ಜಿಡ್ಡಿನ ಭಾಗಕ್ಕೆ ಅಂಟಿದೊಡನೆ ಹೊಳೆಯತೊಡಗುತ್ತದೆ. ಇದಕ್ಕೆ ಆ ಹೊಳಪನ್ನು ಅಳೆಯುವ ಫ್ಲೋರಿಮೀಟರ್ ಒಂದಿದ್ದರೆ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪುರಾವೆ ಮಾತ್ರ ನಮ್ಮ ಕಣ್ಣಿನ ರೆಟಿನಾದಲ್ಲಿರುವ ರಿಕವರಿನ್ ಎಂಬ ಪ್ರೋಟೀನಿನದು. ಅದರ ಒಂದು ತುದಿಗೆ ಮಿರಿಸ್ಟಿಕ್ ಆಮ್ಲದ ಕೊಬ್ಬಿನ ಬಾಲ ಅಂಟಿರುತ್ತದೆ. ಕ್ಯಾಲ್ಸಿಯಂ ಇಲ್ಲದಾಗ ಆ ಬಾಲವನ್ನು ಅದು ತನ್ನ ಒಳಗೇ ಮಡಚಿ ಬಚ್ಚಿಟ್ಟುಕೊಳ್ಳುತ್ತದೆ, ಎರಡು ಕ್ಯಾಲ್ಸಿಯಂ ಅಯಾನುಗಳು ಕೂತಾಗ ಹೊರಕ್ಕೆ ಚಾಚುತ್ತದೆ. ಚಿಪ್‌ನ ಮೇಲೆ ಜೀವಕೋಶದ ಪೊರೆಯಂಥ ಕೊಬ್ಬಿನ ಪದರ ಹೊದಿಸಿ ರಿಕವರಿನ್ ಹರಿಸಿದರೆ, ಕ್ಯಾಲ್ಸಿಯಂ ಇದ್ದಾಗ ಅದು ಬಾಲ ನೆಟ್ಟು ನಿಲ್ಲುತ್ತದೆ, ಇಲ್ಲದಾಗ ಹರಿದು ಹೋಗುತ್ತದೆ. ಇಲ್ಲಿ ಯಂತ್ರ ಅಳೆಯುವುದು ಇಡೀ ಪ್ರೋಟೀನು ಬಂದು ಕೂತ ತೂಕವನ್ನು, ಅಂದರೆ ಯಂತ್ರಕ್ಕೆ ಚೆನ್ನಾಗಿ ಬರುವ ಕೆಲಸವನ್ನೇ. ಆಕಾರ ಬದಲಾದದ್ದನ್ನು ಆ ಆಕಾರದಿಂದ ನಡೆದ ಕೆಲಸದ ಮೂಲಕ ಹಿಡಿಯುವ ಈ ಉಪಾಯವನ್ನು ಕ್ಯಾಲ್ಮೊಡ್ಯುಲಿನ್‌ಗೂ ಅನ್ವಯಿಸಬಹುದು: ಸ್ನಾಯುವಿನ ಕೈನೇಸ್ ಎಂಬ ಕಿಣ್ವವೊಂದರಿಂದ ಪಡೆದ ಎಂ13 ಎಂಬ ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ತುಣುಕನ್ನು, ಚಿಪ್‌ಗೆ ಅಂಟಿಸಿ, ಕ್ಯಾಲ್ಮೊಡ್ಯುಲಿನ್ ಅನ್ನು ಒಮ್ಮೆ ಕ್ಯಾಲ್ಸಿಯಂ ಸಹಿತವಾಗಿ, ಒಮ್ಮೆ ಇಜಿಟಿಎ ಸಹಿತವಾಗಿ ಹರಿಸಿ.

ಪ್ರಶ್ನೆ: ಇದೆಲ್ಲ ಚಿನ್ನದ ಚಿಪ್‌ನ ಮೇಲಿನ ಮಾತಾಯಿತು. ಬದುಕಿರುವ ಜೀವಕೋಶದ ಒಳಗೆ ಪ್ರೋಟೀನು ಆಕಾರ ಬದಲಿಸುವುದನ್ನು ನೋಡಿದವರು ಯಾರಾದರೂ ಇದ್ದಾರೆಯೇ?
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಶ್ರೀರಂಗಪಟ್ಟಣ

ಉತ್ತರ: ಇದ್ದಾರೆ, ಮೇಷ್ಟ್ರೇ. 1997ರಲ್ಲಿ ಅತ್ಸುಶಿ ಮಿಯಾವಾಕಿ, ರೋಜರ್ ಚಿಯೆನ್ ಮತ್ತು ಸಂಗಡಿಗರು ಕ್ಯಾಲ್ಮೊಡ್ಯುಲಿನ್ ಮತ್ತು ಮೇಲೆ ಹೇಳಿದ ಎಂ13 ಪೆಪ್ಟೈಡನ್ನು ಒಂದೇ ಸರಕ್ಕೆ ಪೋಣಿಸಿ, ಸರದ ಎರಡು ತುದಿಗಳಿಗೆ ಬೇರೆಬೇರೆ ಬಣ್ಣದಲ್ಲಿ ಹೊಳೆಯುವ ಎರಡು ಪ್ರೋಟೀನುಗಳನ್ನು ಕಟ್ಟಿದರು. ಕ್ಯಾಲ್ಸಿಯಂ ಬಂದಾಗ ಕ್ಯಾಲ್ಮೊಡ್ಯುಲಿನ್ ಪೆಪ್ಟೈಡನ್ನು ತಬ್ಬಿಕೊಳ್ಳುತ್ತದೆ, ತುದಿಗಳು ಹತ್ತಿರವಾಗುತ್ತವೆ, ಒಂದು ದೀಪದ ಶಕ್ತಿ ಇನ್ನೊಂದಕ್ಕೆ ಹರಿದು ಬಣ್ಣ ಬದಲಾಗುತ್ತದೆ. ಗೋಸುಂಬೆಯ ನೆನಪಿನಲ್ಲಿ ಇದಕ್ಕೆ ಕ್ಯಾಮಿಲಿಯನ್ ಎಂದು ಹೆಸರಾಯಿತು. ಈ ಶಕ್ತಿ ವರ್ಗಾವಣೆ ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಕುಸಿಯುವುದರಿಂದ ಅದು ಬಹಳ ಸೂಕ್ಷ್ಮವಾದ ಅಳತೆಗೋಲು: 5 ನ್ಯಾನೋಮೀಟರ್ ದೂರದಲ್ಲಿ ಶೇಕಡ 50ರಷ್ಟು ವರ್ಗಾವಣೆ ಆಗುವ ಜೋಡಿಯನ್ನು 6 ನ್ಯಾನೋಮೀಟರ್‌ಗೆ ಸರಿಸಿದರೆ ಅದು ಶೇಕಡ 25ಕ್ಕೆ ಬೀಳುತ್ತದೆ. ಎಸ್‌ಪಿಆರ್‌ನಂತೆ ಇದು ಎಲ್ಲವನ್ನೂ ಬೆರೆಸದೆ ಎರಡು ತುದಿಗಳ ನಡುವಿನ ದೂರಕ್ಕೇ ಹೆಚ್ಚಾಗಿ ಓಗೊಡುತ್ತದೆ; ಆದರೆ ಆ ದೀಪಗಳನ್ನು ಹೊತ್ತ ಪ್ರೋಟೀನು ಮೂಲ ಪ್ರೋಟೀನಿನಂತೆಯೇ ನಡೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು. 2001ರಲ್ಲಿ ಜುನಿಚಿ ನಕಾಯಿ ಮತ್ತು ಸಂಗಡಿಗರು ಒಂದೇ ಹಸಿರು ದೀಪದಿಂದ ಇದೇ ಕೆಲಸ ಮಾಡುವ ಜಿಕ್ಯಾಂಪ್ ಅನ್ನು ಪ್ರಕಟಿಸಿದರು. ಇಂದು ಮಿದುಳಿನ ನರಕೋಶಗಳು ಮಿನುಗುವ ಚಿತ್ರಗಳಲ್ಲಿ ಬಹುಪಾಲು ಅದರ ಸಂತತಿಯವು.

ತರಗತಿಯಲ್ಲಿ ಹೇಳಲು ಒಂದು ಪ್ರಸಂಗ. ಈ ಹಸಿರು ದೀಪದ ಮೂಲ ಒಂದು ಬಗೆಯ ಲೋಳೆಮೀನು. 1961ರಲ್ಲಿ ಒಸಾಮು ಶಿಮೊಮುರಾ ಅದರ ಬೆಳಕಿನ ಮೂಲವನ್ನು ಹುಡುಕುತ್ತ, ಮಂಕಾದ ಸಾರವನ್ನು ಕೆಲಸಕ್ಕೆ ಬಾರದೆಂದು ಸಿಂಕ್‌ಗೆ ಸುರಿದಾಗ ಸಿಂಕ್ ನೀಲಿಯಾಗಿ ಝಗ್ಗನೆ ಬೆಳಗಿತು. ಅಲ್ಲಿಗೆ ಹರಿದು ಬರುತ್ತಿದ್ದ ಸಮುದ್ರದ ನೀರಿನ ಕ್ಯಾಲ್ಸಿಯಂ ಅದಕ್ಕೆ ಕಾರಣ. ಅದಕ್ಕೂ ಮುನ್ನ, 1883ರಲ್ಲಿ ಲಂಡನ್ನಿನ ಸಿಡ್ನಿ ರಿಂಗರ್, ಕಪ್ಪೆಯ ಹೃದಯ ಬಡಿಯುತ್ತಿದ್ದುದು ತಾನು ಬಳಸಿದ ಉಪ್ಪಿನಿಂದಲ್ಲ, ಬಟ್ಟಿ ಇಳಿಸಿದ ನೀರಿನ ಬದಲು ಬಳಕೆಯಾಗಿದ್ದ ನಲ್ಲಿ ನೀರಿನ ಕ್ಯಾಲ್ಸಿಯಂನಿಂದ ಎಂದು ಕಂಡುಕೊಂಡಿದ್ದರು. ಮೇಲಿನ ಉತ್ತರದಲ್ಲಿ ನನ್ನ ಎರಡು ವಾರ ಹಾಳು ಮಾಡಿದ್ದೂ ನಲ್ಲಿ ನೀರೇ. ಅವರಿಬ್ಬರಿಗೆ ನೀರಿನ ಕ್ಯಾಲ್ಸಿಯಂ ಬೇರೆ ಫಲ ಕೊಟ್ಟಿತು.

ಪ್ರಶ್ನೆ: ಮನೆಯಲ್ಲಿ ದಿನವೂ ರಾಗಿಮುದ್ದೆ. ವೈದ್ಯರು ಕ್ಯಾಲ್ಸಿಯಂ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಇಷ್ಟೊಂದು ಕ್ಯಾಲ್ಸಿಯಂ ಒಳಗೆ ಹೋದರೆ ಈ ಪ್ರೋಟೀನುಗಳು ಸದಾ ತೆರೆದುಕೊಂಡೇ ಇರುತ್ತವೆಯೇ?
— ಗೃಹಿಣಿ, ಮಳವಳ್ಳಿ

ಉತ್ತರ: ಇಲ್ಲ, ತಾಯಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ನಿಜ, ಆದರೆ ಉಂಡದ್ದೆಲ್ಲ ಜೀವಕೋಶದ ಒಳಗೆ ನುಗ್ಗುವುದಿಲ್ಲ. ವಿಶ್ರಾಂತ ಜೀವಕೋಶದೊಳಗಿನ ಕ್ಯಾಲ್ಸಿಯಂ ಹೊರಗಿನ ದ್ರವದಲ್ಲಿರುವುದರ ಹತ್ತು ಸಾವಿರದ ಒಂದು ಭಾಗದಷ್ಟು. ಆ ಅಂತರವನ್ನು ಕಾಯಲು ಪೊರೆಯ ಪಂಪುಗಳು ಹಗಲಿರುಳು ದುಡಿಯುತ್ತವೆ. ಅಷ್ಟು ಕಡಿಮೆ ಇರುವುದರಿಂದಲೇ ಒಂದು ಕ್ಷಣ ಬಾಗಿಲು ತೆರೆದರೂ ಕ್ಯಾಲ್ಮೊಡ್ಯುಲಿನ್‌ಗೆ ಅದು ಗೊತ್ತಾಗುತ್ತದೆ. ರಕ್ತದ ಮಟ್ಟವನ್ನು ನೋಡಿಕೊಳ್ಳುವುದು ಬೇರೆಯೇ ಒಂದು ಪ್ರೋಟೀನು: ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಕೋಶಗಳ ಹೊರಮೈಯಲ್ಲಿರುವ, 1993ರಲ್ಲಿ ಮೊದಲು ಗುರುತಿಸಲಾದ ಕ್ಯಾಲ್ಸಿಯಂ ಗ್ರಾಹಕ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದಾಗ ಅದು ಆಕಾರ ಬದಲಿಸಿ, ರಕ್ತದ ಕ್ಯಾಲ್ಸಿಯಂ ಏರಿಸುವ ಆ ಗ್ರಂಥಿಯ ಹಾರ್ಮೋನಿನ ಸ್ರಾವವನ್ನು ತಗ್ಗಿಸುತ್ತದೆ. ಮಾತ್ರೆಯ ಪ್ರಮಾಣವನ್ನು ಮಾತ್ರ ವೈದ್ಯರು ಹೇಳಿದಂತೆಯೇ ಪಾಲಿಸಿ. ಮಿತಿ ಮೀರಿದರೆ ತೊಂದರೆಯಾಗುವುದುಂಟು.

ಪ್ರಶ್ನೆ: ಎದೆನೋವೆಂದು ಆಸ್ಪತ್ರೆಗೆ ಹೋದಾಗ ನನಗೆ ಟ್ರೋಪೋನಿನ್ ಪರೀಕ್ಷೆ ಮಾಡಿದರು. ಟ್ರೋಪೋನಿನ್ ಕೂಡ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನು ಎಂದು ತಾವು ಬರೆದಿದ್ದಿರಿ. ಆ ಪರೀಕ್ಷೆಯಲ್ಲಿ ಅಳೆದದ್ದು ಈ ಆಕಾರ ಬದಲಾವಣೆಯನ್ನೇ?
— ನಿವೃತ್ತ ನೌಕರ, ಕುವೆಂಪುನಗರ, ಮೈಸೂರು

ಉತ್ತರ: ಅಲ್ಲ. ಟ್ರೋಪೋನಿನ್ ಎಂಬುದು ಸಿ, ಐ, ಟಿ ಎಂಬ ಮೂರು ಪ್ರೋಟೀನುಗಳ ಕೂಟ. ಕ್ಯಾಲ್ಸಿಯಂ ಹಿಡಿದು ಮೈ ಬದಲಿಸಿ, ಸ್ನಾಯು ಸಂಕುಚಿಸಲು ಅನುವು ಮಾಡಿಕೊಡುವುದು ಸಿ. ಆಸ್ಪತ್ರೆಯಲ್ಲಿ ಅಳೆಯುವುದು ಐ ಅಥವಾ ಟಿಯನ್ನು, ಅದೂ ಅವುಗಳ ಆಕಾರವನ್ನಲ್ಲ. ಪೆಟ್ಟು ತಿಂದ ಹೃದಯದ ಕೋಶಗಳಿಂದ ಎಷ್ಟು ಸೋರಿ ರಕ್ತಕ್ಕೆ ಬಂದಿದೆ ಎಂಬ ಪ್ರಮಾಣವನ್ನು, ಪ್ರತಿಕಾಯಗಳ ನೆರವಿನಿಂದ. ಸಿಯನ್ನು ಅಳೆಯದಿರಲು ಕಾರಣವಿದೆ: ಹೃದಯದಲ್ಲಿರುವ ಅದೇ ಟ್ರೋಪೋನಿನ್ ಸಿ ಕೈಕಾಲುಗಳ ನಿಧಾನಗತಿಯ ಸ್ನಾಯುಗಳಲ್ಲಿಯೂ ಇರುವುದರಿಂದ, ರಕ್ತದಲ್ಲಿ ಅದು ಸಿಕ್ಕರೆ ಪೆಟ್ಟಾದದ್ದು ಹೃದಯಕ್ಕೋ ಮೀನಖಂಡಕ್ಕೋ ಎಂದು ಹೇಳಲು ಬರುವುದಿಲ್ಲ.